ಕುದುರೆಯ ಓಟ ಮತ್ತು ದಾನದ ಫಲಕ

ಹಣ ಎಲ್ಲಿಂದ ಬಂತೆಂದು ಕೇಳುವುದು ಅಸಭ್ಯತೆ ಎಂಬ ಹೊಸದೊಂದು ಶಿಷ್ಟಾಚಾರ ನಮ್ಮ ಬಸದಿಗಳ ಟ್ರಸ್ಟುಗಳಲ್ಲಿ ಬೇರೂರುತ್ತಿದೆ. ಪಂಚಕಲ್ಯಾಣ ಮಹೋತ್ಸವದಲ್ಲಿ ಕಲಶದ ಸವಾಲು ನಡೆದಾಗ ಹೆಚ್ಚು ಕೂಗಿದವರಿಗೆ ಹಾರ, ಶಾಲು, ಅಮೃತಶಿಲೆಯ ಫಲಕ. ಅವರ ಅಂಗಡಿಯ ಕೀರ್ದಿ-ಖಾತೆಯ ವಿಚಾರವನ್ನು ಯಾರೂ ಎತ್ತುವುದಿಲ್ಲ. ‘ದಾನವನ್ನು ನೋಡಿರಿ, ಕೈಯನ್ನು ನೋಡಬೇಡಿರಿ’ ಎಂದು ಹಿರಿಯರೇ ಸಮಾಧಾನ ಹೇಳುತ್ತಾರೆ. ಈ ಸಮಾಧಾನ ಶ್ರಾವಕ ಧರ್ಮಕ್ಕೆ ಒಪ್ಪುವಂಥದಲ್ಲ ಎಂಬುದು ನನ್ನ ವಾದ. ಅದಕ್ಕೆ ನಿದರ್ಶನವಾಗಿ ಉದ್ಯಮಿಯೂ ರಾಜಕಾರಣಿಯೂ ಪಂದ್ಯದ ಕುದುರೆಗಳ ಒಡೆಯರೂ ಆದ ವಿಜಯ ಮಲ್ಯ ಅವರ ಜೀವನವನ್ನು ಎತ್ತಿಕೊಳ್ಳುತ್ತೇನೆ. ಜಮಖಂಡಿ, ಮುಧೋಳಗಳ ಪೇಟೆಯಲ್ಲಿಯೂ ಒಂದು ಕಾಲಕ್ಕೆ ಅವರನ್ನು ಆದರ್ಶವೆಂದು ಕೊಂಡಾಡಿದ ತರುಣ ವ್ಯಾಪಾರಿಗಳಿದ್ದರು.

1955ರಲ್ಲಿ ಜನಿಸಿದ ಮಲ್ಯ ಅವರು ತಂದೆ ವಿಠ್ಠಲ ಮಲ್ಯ 1983ರಲ್ಲಿ ತೀರಿಕೊಂಡಾಗ ಯುನೈಟೆಡ್ ಬ್ರೂವರೀಸ್ ಸಮೂಹದ ಒಡೆತನಕ್ಕೆ ಬಂದರು. ಮದ್ಯದ ಉದ್ಯಮವನ್ನು ದೇಶದಲ್ಲಿಯೇ ಅಗ್ರಸ್ಥಾನಕ್ಕೆ ಒಯ್ದರು. ಅವರಲ್ಲಿ ವ್ಯವಹಾರ ಚಾತುರ್ಯವಿತ್ತು; ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. 2002ರಲ್ಲಿ ಮತ್ತು 2010ರಲ್ಲಿ ಕರ್ನಾಟಕದ ಶಾಸಕರ ಮತಗಳಿಂದ ಪಕ್ಷೇತರರಾಗಿ ರಾಜ್ಯಸಭೆಗೆ ಹೋದರು. ಎರಡು ಸಲವೂ ಬೇರೆ ಬೇರೆ ಪಕ್ಷಗಳ ಮತಗಳು ಅವರಿಗೆ ದೊರೆತವು. ನಮ್ಮ ನಾಲ್ಕೂ ತಾಲೂಕುಗಳ ಮತದಾರರು ಆರಿಸಿ ಕಳಿಸಿದ ಶಾಸಕರೂ ಆ ಸಭೆಗಳಲ್ಲಿದ್ದರು. ಆದುದರಿಂದ ಇದು ಬೆಂಗಳೂರಿನವರ ಕಥೆಯೆಂದು ನಾವು ಕೈತೊಳೆದುಕೊಳ್ಳಲಾಗದು.

ಇನ್ನು ಕುದುರೆಗಳು. ಟಿಪ್ಪು ಸುಲ್ತಾನನ ಕಾಲದ ಇತಿಹಾಸವುಳ್ಳ ಕುಣಿಗಲ್ಲಿನ ಕುದುರೆ ಫಾರಂ ನಾನೂರಕ್ಕೂ ಹೆಚ್ಚು ಎಕರೆ ಸರಕಾರಿ ಭೂಮಿ. 1992ರಲ್ಲಿ ಅದು 30 ವರ್ಷಗಳ ಗುತ್ತಿಗೆಯ ಮೇಲೆ ಮಲ್ಯ ಅವರ ಸಂಸ್ಥೆಗೆ ದೊರೆಯಿತು. ಅಲ್ಲಿ ಪಂದ್ಯದ ಕುದುರೆಗಳನ್ನು ಹುಟ್ಟಿಸಿ ಬೆಳೆಸಿದರು. ಮುಂಬಯಿಯ ಮಹಾಲಕ್ಷ್ಮಿ ಮೈದಾನದ ಇಂಡಿಯನ್ ಡರ್ಬಿ ಪಂದ್ಯಕ್ಕೆ ಎಷ್ಟೋ ವರ್ಷ ಅವರ ಮದ್ಯದ ಹೆಸರೇ ಅಂಟಿಕೊಂಡಿತ್ತು. ಸಪ್ತವ್ಯಸನಗಳಲ್ಲಿ ದ್ಯೂತವೂ ಮದ್ಯವೂ ಬೇರೆ ಬೇರೆ ಸ್ಥಾನದಲ್ಲಿವೆ. ಇಲ್ಲಿ ಅವೆರಡೂ ಒಂದೇ ಫಲಕದ ಮೇಲೆ ಕೂಡಿಕೊಂಡವು.

‘ಕುದುರೆ ಪಂದ್ಯ ಜೂಜಲ್ಲ, ಸುಪ್ರೀಂ ಕೋರ್ಟೇ ಹೇಳಿದೆ’ ಎಂಬ ಉತ್ತರ ಸಿದ್ಧವಾಗಿದೆ. ನಿಜ. ತಮಿಳುನಾಡಿನ ಪ್ರಕರಣದಲ್ಲಿ 1996ರಲ್ಲಿ ನ್ಯಾಯಾಲಯವು ಕುದುರೆ ಪಂದ್ಯವು ಕೌಶಲದ ಆಟವೆಂದು ತೀರ್ಪಿತ್ತಿತು. ಆ ತೀರ್ಪು ಪೊಲೀಸರು ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಎಂಬ ಪ್ರಶ್ನೆಗೆ ಉತ್ತರ. ದುಡಿಯದೆ ಇನ್ನೊಬ್ಬನ ಸೋಲಿನಿಂದ ಗಳಿಸುವ ಆಸೆ ಆತ್ಮಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆ ಯಾವ ನ್ಯಾಯಾಲಯದ ಕಟ್ಟೆಯನ್ನೂ ಹತ್ತುವುದಿಲ್ಲ.

ಪ್ರಾಣಿಯ ಮಾತು ಅದಕ್ಕಿಂತ ಮುಖ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಅತಿವಾಹನವನ್ನೂ ಎಣಿಸಿದ್ದಾರೆ. ಅಂದರೆ ಲೋಭದಿಂದ ಪಶುಗಳನ್ನು ಅವುಗಳ ಶಕ್ತಿ ಮೀರಿ ಓಡಿಸುವುದು. ಅದನ್ನು ಅವರು ಅಹಿಂಸೆಯ ಪ್ರಕರಣದಲ್ಲಿಡದೆ ಪರಿಗ್ರಹದ ಪ್ರಕರಣದಲ್ಲಿಟ್ಟದ್ದು ವಿಚಾರ ಮಾಡತಕ್ಕ ಸಂಗತಿ. ಒಡೆಯನ ಆಸೆಗೆ ಮಿತಿಯಿಲ್ಲದಾಗ ಅದರ ಭಾರ ಮೂಕಪ್ರಾಣಿಯ ಬೆನ್ನ ಮೇಲೆ ಬೀಳುತ್ತದೆಂಬುದನ್ನು ಅವರು ಕಂಡಿದ್ದರು. ಪಂದ್ಯದ ಕುದುರೆಯನ್ನು ಎರಡು ವರ್ಷದ ಪ್ರಾಯಕ್ಕೇ ಮೈದಾನಕ್ಕೆ ಇಳಿಸುತ್ತಾರೆ. ಅದರ ಎಲುಬು ಪೂರ್ತಿ ಬಲಿಯುವುದು ಐದಾರು ವರ್ಷಕ್ಕೆ. ಓಡುತ್ತ ಕಾಲು ಮುರಿದುಕೊಂಡರೆ ಬಹುಪಾಲು ಅದಕ್ಕೆ ದೊರೆಯುವುದು ಸಾವಿನ ಚುಚ್ಚುಮದ್ದು. (ನಮ್ಮ ಮುಧೋಳವೂ ಇದರಿಂದ ದೂರವಲ್ಲ. ಸಂಸ್ಥಾನದ ಕಾಲದಲ್ಲಿ ಹೆಸರಾದ ಮುಧೋಳದ ನಾಯಿಯನ್ನು ಬೆಳೆಸಿದ್ದು ಬೇಟೆಗೆ, ಬೇಟೆಯೂ ಸಪ್ತವ್ಯಸನಗಳಲ್ಲೊಂದು.)

2009ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಗಾಂಧೀಜಿಯವರ ಕನ್ನಡಕ, ಪಾದರಕ್ಷೆ, ಗಡಿಯಾರ, ಬಟ್ಟಲು, ತಟ್ಟೆಗಳನ್ನು ಮಲ್ಯ ಅವರು 18 ಲಕ್ಷ ಡಾಲರಿಗೆ ಕೊಂಡರು. ದೇಶವೆಲ್ಲ ಚಪ್ಪಾಳೆ ತಟ್ಟಿತು. ಪಾನನಿಷೇಧಕ್ಕಾಗಿ ಆಯುಷ್ಯ ಸವೆಸಿದವರ ಊಟದ ತಟ್ಟೆ ಮದ್ಯದ ಹಣದಿಂದ ಸ್ವದೇಶಕ್ಕೆ ಬರಬೇಕಾಯಿತೆಂದು ಕೆಲವರಾದರೂ ನೊಂದುಕೊಂಡರು. ಆ ಗಾಂಧೀಜಿಗೆ ಅಪರಿಗ್ರಹದ ಅರ್ಥವನ್ನು ಮನಗಾಣಿಸಿದವರಲ್ಲಿ ಪ್ರಮುಖರಾದ ಶ್ರೀಮದ್ ರಾಜಚಂದ್ರರು ಮುಂಬಯಿಯಲ್ಲಿ ರತ್ನದ ವ್ಯಾಪಾರ ಮಾಡುತ್ತಿದ್ದ ಜೈನ ಗೃಹಸ್ಥರು. ವ್ಯಾಪಾರಿಯಾಗಿಯೇ ಅವರು ಅದನ್ನು ಬಾಳಿದರು ಎಂಬುದನ್ನು ನಮ್ಮ ಪೇಟೆಯವರು ಮರೆಯಬಾರದು.

ದಾನದ ವಿಷಯಕ್ಕೆ ಬರೋಣ. ಶಬರಿಮಲೆಯ ಗರ್ಭಗುಡಿಗೆ 1998ರಲ್ಲಿ ಚಿನ್ನದ ಹೊದಿಕೆ ಮಾಡಿಸಿದವರು ಮಲ್ಯ ಅವರು. 2005ರಲ್ಲಿ ಆರಂಭವಾದ ಅವರ ಕಿಂಗ್‌ಫಿಷರ್ ವಿಮಾನ ಸಂಸ್ಥೆಯು 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ನೌಕರರ ಸಂಬಳ ತಿಂಗಳುಗಟ್ಟಲೆ ಬಾಕಿಯಿತ್ತು. ಅದೇ ಡಿಸೆಂಬರಿನಲ್ಲಿ ತಮ್ಮ ಹುಟ್ಟುಹಬ್ಬಕ್ಕೆ ಅವರು ತಿರುಪತಿಯ ದೇವರಿಗೆ 3 ಕಿಲೋ ಚಿನ್ನ ಅರ್ಪಿಸಿದರು. ವಾಣಿಜ್ಯ ಪದವಿಯ ಮೊದಲ ವರ್ಷದ ವಿದ್ಯಾರ್ಥಿಯೂ ಬಲ್ಲನು: ಕೊಡಬೇಕಾದ ಮಜೂರಿ ಖಾತೆಯಲ್ಲಿ ಹೊಣೆಯಾಗಿ ನಿಂತಿರುವಾಗ ಪೆಟ್ಟಿಗೆಯಲ್ಲಿರುವ ಹಣ ಒಡೆಯನದಲ್ಲ. ಆ ಚಿನ್ನದಲ್ಲಿ ದಾನಿ ಯಾರು? ಸಂಬಳವಿಲ್ಲದೆ ಕಾಯುತ್ತಿದ್ದವರೇ ಅಲ್ಲವೇ?

ಮುಂದಿನದನ್ನು ಎಲ್ಲರೂ ಬಲ್ಲರು. 2016ರ ಮಾರ್ಚಿನಲ್ಲಿ ಅವರು ಇಂಗ್ಲೆಂಡಿಗೆ ಹೋದರು. 2019ರ ಜನವರಿಯಲ್ಲಿ ನ್ಯಾಯಾಲಯವು ಅವರನ್ನು ದೇಶಭ್ರಷ್ಟ ಆರ್ಥಿಕ ಅಪರಾಧಿಯೆಂದು ಘೋಷಿಸಿತು. ನ್ಯಾಯಾಂಗ ನಿಂದನೆಗಾಗಿ 2022ರಲ್ಲಿ ಸುಪ್ರೀಂ ಕೋರ್ಟು ನಾಲ್ಕು ತಿಂಗಳ ಸಜೆ ವಿಧಿಸಿತು. ವಂಚನೆಯ ಆರೋಪಗಳನ್ನು ಅವರು ಅಲ್ಲಗಳೆದಿದ್ದಾರೆ. ಸಾಲ ವಸೂಲಿ ನ್ಯಾಯಮಂಡಳಿ 2017ರಲ್ಲಿ ನಿಗದಿ ಮಾಡಿದ್ದು ಬಡ್ಡಿಯ ಹೊರತು 6,203 ಕೋಟಿ ರೂಪಾಯಿ, ಬ್ಯಾಂಕುಗಳಿಗೆ ಮರಳಿದ್ದು 14,131 ಕೋಟಿಯೆಂದು ಹಣಕಾಸು ಸಚಿವರೇ 2024ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಹೇಳಿದರು. ಆದುದರಿಂದ ತಾನು ಸಾಲಗಾರನಲ್ಲವೆಂಬುದು ಅವರ ವಾದ. ಆ ಲೆಕ್ಕವನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ. ಆಸ್ತಿ ಮುಟ್ಟುಗೋಲು ಹಾಕಿ ವಸೂಲು ಮಾಡಿದ್ದನ್ನು ಒಡೆಯನ ಪ್ರಾಮಾಣಿಕತೆಯ ಖಾತೆಗೆ ಜಮಾ ಮಾಡುವ ಪದ್ಧತಿ ಮಾತ್ರ ನಮ್ಮ ಪೇಟೆಯಲ್ಲಿಲ್ಲ.

ನಮ್ಮಲ್ಲಿಯೇ ಇನ್ನೊಂದು ಬಗೆಯ ರಾಜಕಾರಣಿ-ಉದ್ಯಮಿಯನ್ನು ಕಂಡಿದ್ದೇವೆ. ಜಮಖಂಡಿಯ ಸಿದ್ದು ನ್ಯಾಮಗೌಡರು ಸರಕಾರದ ದಾರಿ ಕಾಯದೆ ರೈತರ ಹಣ ಮತ್ತು ಶ್ರಮದಾನದಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಸಿದರು. 1989ರಲ್ಲಿ ಅದು ಪೂರ್ಣವಾಯಿತು. 1991ರಲ್ಲಿ ಜನ ಅವರನ್ನು ರಾಮಕೃಷ್ಣ ಹೆಗಡೆಯವರೆದುರು ಗೆಲ್ಲಿಸಿದರು. ಸಕ್ಕರೆ ಕಾರ್ಖಾನೆಯನ್ನೂ ಅವರು ಕಟ್ಟಿದರು. ಅವರು ಜೈನರಲ್ಲ, ವ್ರತಿಗಳೂ ಅಲ್ಲ. ಆದರೆ ಅವರ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ನೀರು.

ಆದರೆ ನೀರು ಬಂದಲ್ಲಿ ಕಬ್ಬು ಬಂತು, ಕಬ್ಬು ಬಂದಲ್ಲಿ ಕಾಕಂಬಿ. ಕಾಕಂಬಿಯಿಂದಲೇ ಮದ್ಯಸಾರ. ಬೀಳಗಿ, ಮುಧೋಳ, ಜಮಖಂಡಿಗಳ ಸುತ್ತಲಿನ ಕಾರ್ಖಾನೆಗಳಲ್ಲಿ ಷೇರು ಹೊಂದಿದ ಶ್ರಾವಕರಿಗೆ ರಸವಾಣಿಜ್ಯದ ನಿಷೇಧ ಗೊತ್ತಿಲ್ಲದ್ದೇನಲ್ಲ. ತಮ್ಮ ಕಾರ್ಖಾನೆಯ ಕಾಕಂಬಿ ಇಂಧನಕ್ಕೆ ಹೋಗುತ್ತದೆಯೋ ಬಾಟಲಿಗೆ ಹೋಗುತ್ತದೆಯೋ ಎಂದು ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಕೇಳಿದವರು ಎಷ್ಟು ಜನ? ರಬಕವಿ-ಬನಹಟ್ಟಿಯಲ್ಲಿ ಮಗ್ಗದವರ ಮಜೂರಿಯನ್ನು ಹಬ್ಬದವರೆಗೆ ತಡೆಹಿಡಿದು ಅದೇ ಹಬ್ಬದಲ್ಲಿ ಬೆಳ್ಳಿಯ ಪ್ರಭಾವಳಿ ಒಪ್ಪಿಸಿದರೆ, ತಿರುಪತಿಯ ಆ 3 ಕಿಲೋಗೂ ಇದಕ್ಕೂ ವ್ಯತ್ಯಾಸ ತೂಕದಲ್ಲಿ ಮಾತ್ರ.

ಟ್ರಸ್ಟುಗಳಿಗೆ ನನ್ನ ಬೇಡಿಕೆ ಸಣ್ಣದು. ಸವಾಲಿನಲ್ಲಿ ಭಾಗವಹಿಸುವವರಿಂದ ಎರಡು ಸಾಲಿನ ಬರಹ ಪಡೆಯಿರಿ: ಈ ಹಣ ಮದ್ಯ, ಜೂಜು, ಹಿಂಸೆಯ ವ್ಯವಹಾರದ್ದಲ್ಲ, ನನ್ನಲ್ಲಿ ದುಡಿಯುವವರ ಮಜೂರಿ ಬಾಕಿಯಿಲ್ಲ. ಸುಳ್ಳು ಬರೆಯುವವರು ಬರೆಯಲಿ, ಅದರ ಹೊಣೆ ಅವರದು. ಬರೆಯಲೊಪ್ಪದವರ ಹೆಸರು ಫಲಕದಲ್ಲಿ ಬೇಡ. ಒಂದೆರಡು ವರ್ಷ ಸವಾಲಿನ ಮೊತ್ತ ಇಳಿದೀತು, ಶಿಖರದ ಕೆಲಸ ಅರ್ಧಕ್ಕೆ ನಿಂತೀತು. ಅದಕ್ಕೆ ಟ್ರಸ್ಟಿಗಳು ಈಗಲೇ ಸಿದ್ಧರಾಗಿ ಬರುವ ದಶಲಕ್ಷಣ ಪರ್ವದೊಳಗೆ ಠರಾವು ಮಾಡಲಿ.