ಮೊದಲು ನಿಯಮ, ಅನಂತರ ನಿರ್ಮಾಣ

ಸಮ್ಮೇದ ಶಿಖರ್ಜಿಯ ರಕ್ಷಣೆಗಾಗಿ ಜೈನ ಸಮಾಜವು ದೇಶಾದ್ಯಂತ ಬೀದಿಗಿಳಿದಾಗ, 2019ರ ಪರಿಸರಸೂಕ್ಷ್ಮ ವಲಯದ ಅಧಿಸೂಚನೆಯಲ್ಲಿದ್ದ ಪ್ರವಾಸೋದ್ಯಮದ ಅವಕಾಶಕ್ಕೆ ಕೇಂದ್ರ ಸರ್ಕಾರವು 2023ರ ಜನವರಿ 5ರಂದು ತಡೆ ನೀಡಿತು. ತೀರ್ಥಕ್ಷೇತ್ರಕ್ಕಾಗಿ ಎದ್ದ ಆ ದನಿ, ತೀರ್ಥವಲ್ಲದ ನೆಲಜಲಗಳ ವಿಷಯದಲ್ಲಿ ಮೌನವಾಗುವುದೇಕೆ? ತಾರ್ನಾಕದಂತಹ ಬಡಾವಣೆಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳು ಉತ್ತರಿಸಬೇಕಾದ ಪ್ರಶ್ನೆಯಿದು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯ ಪ್ರವಾಹವು ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮರ ಆಹ್ವಾನದ ಮೇರೆಗೆ ಬಂದ ಎಂ. ವಿಶ್ವೇಶ್ವರಯ್ಯನವರು, ನಗರಕ್ಕಿಂತ ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸುವ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹೀಗೆ ರೂಪುಗೊಂಡವು. 1996ರ 111ನೇ ಸರ್ಕಾರಿ ಆದೇಶವು ಇವುಗಳ ಸುತ್ತಲಿನ 10 ಕಿ.ಮೀ. ವ್ಯಾಪ್ತಿಯ 84 ಗ್ರಾಮಗಳಲ್ಲಿ ಮಾಲಿನ್ಯಕಾರಕ ಕೈಗಾರಿಕೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳನ್ನು ನಿರ್ಬಂಧಿಸಿತು. ಇದೇ ಜಲಾಶಯಗಳ ಕುರಿತ ಮೊಕದ್ದಮೆಯಲ್ಲಿ 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಾನಿಯಾಗದೆಂದು ಸಿದ್ಧಪಡಿಸುವ ಹೊಣೆ ಉದ್ಯಮ ಹೂಡುವವರದೇ ಎಂಬ ತತ್ವವನ್ನು ಎತ್ತಿಹಿಡಿಯಿತು.

2022ರ ಏಪ್ರಿಲಿನಲ್ಲಿ ತೆಲಂಗಾಣ ಸರ್ಕಾರವು 69ನೇ ಆದೇಶದ ಮೂಲಕ ಈ ನಿರ್ಬಂಧಗಳನ್ನು ತೆಗೆದುಹಾಕಿತು. ಕುಡಿಯುವ ನೀರಿಗೆ ನಗರವು ಈಗ ಇವುಗಳನ್ನು ಅವಲಂಬಿಸಿಲ್ಲವೆಂಬುದು ಕೊಟ್ಟ ಕಾರಣ. ನೀರಿನ ಗುಣಮಟ್ಟ ಕೆಡಬಾರದೆಂಬ ಷರತ್ತೇನೋ ಇದೆ. ಆದರೆ ಅದನ್ನು ಕಾಯುವ ಮಾರ್ಗಸೂಚಿಗಳನ್ನು ರೂಪಿಸುವ ಕೆಲಸವನ್ನು ಅನಂತರದ ಸಮಿತಿಗೆ ಬಿಡಲಾಯಿತು. ಬೇಲಿಯನ್ನು ಕಿತ್ತು, ಆಮೇಲೆ ಬೆಳೆ ಕಾಯುವ ಬಗೆಯನ್ನು ಚರ್ಚಿಸಿದಂತಾಯಿತು. ಕೆರೆಗಳು ಹುಟ್ಟಿದ್ದು ಪ್ರವಾಹತಡೆಗಾಗಿ ಎಂಬುದನ್ನೂ ಆ ಕಾರಣವು ಮರೆಸುತ್ತದೆ. ಜಲಾನಯನವೆಲ್ಲ ಕಾಂಕ್ರೀಟಾದರೆ ಮಳೆನೀರು ಇಂಗದೆ ನುಗ್ಗಿ ಬರುತ್ತದೆ. ಅದರ ಪಾಲು ಕೆಳದಂಡೆಯ ಬಡವರಿಗೆ ಮೊದಲು.

ಆ 84 ಗ್ರಾಮಗಳ ರೈತರ ಅಳಲು ಸುಳ್ಳಲ್ಲ. ನೆರೆಯ ಭೂಮಿಗೆ ಬೆಲೆ ಏರುತ್ತಿರಲು ತಮ್ಮದು ಮಾತ್ರ ನಿಂತುಹೋದುದು ಅವರ ನೋವು. ಅದಕ್ಕೆ ಪರಿಹಾರ, ನಗರದ ಹಿತಕ್ಕಾಗಿ ತ್ಯಾಗ ಮಾಡಿದವರಿಗೆ ನಗರವೇ ಸಲ್ಲಿಸುವ ನ್ಯಾಯವಾದ ಪ್ರತಿಫಲ. ನಿಯಮವನ್ನು ಅಳಿಸುವುದರಿಂದ ಲಾಭ ಬಹುಪಾಲು ನಿವೇಶನದ ವ್ಯಾಪಾರಿಗೆ.

ಶ್ರಾವಕಾಚಾರವು ನಿಷೇಧಿಸಿದ ಹದಿನೈದು ಕ್ರೂರ ಜೀವನೋಪಾಯಗಳಲ್ಲಿ ಸರಃಶೋಷ, ಅಂದರೆ ಕೆರೆ ಬತ್ತಿಸುವುದು, ಒಂದು. ನೀರನ್ನು ಸೋಸಿ ಕುಡಿಯುವ ಮನೆತನಗಳು ಕೆರೆಯನ್ನೇ ನುಂಗುವ ನಿವೇಶನದಲ್ಲಿ ಹಣ ಹೂಡಿದರೆ ವ್ರತವು ಬಟ್ಟೆಯ ತುಂಡಿನಷ್ಟಕ್ಕೇ ಉಳಿಯುತ್ತದೆ. ಸಮಾಜವು ಸರ್ಕಾರವನ್ನು ಕೇಳಬೇಕಾದುದು ಇಷ್ಟೇ: ಮೊದಲು ನಿಯಮ, ಅನಂತರ ನಿರ್ಮಾಣ. ತನ್ನನ್ನು ಕೇಳಿಕೊಳ್ಳಬೇಕಾದುದು, ಆ ನೆಲವನ್ನು ಕೊಳ್ಳುವವರಲ್ಲಿ ತನ್ನವರೆಷ್ಟು ಎಂಬುದು.