ಚಿಕ್ಕ ಪದಗಳ ದೊಡ್ಡ ಹೊಣೆ

ಇಂಗ್ಲಿಷಿನ ‘ಎ’, ‘ದಿ’, ‘ಫ್ಯೂ’, ‘ಮಚ್’ ಮೊದಲಾದ ಚಿಕ್ಕ ಪದಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳುವೆನು. ಅರ್ಥವಾದರೆ ಸಾಕು, ಇವುಗಳಿಗಾಗಿ ಮಕ್ಕಳನ್ನು ದಣಿಸುವುದೇಕೆಂದು ಕೆಲವು ಪಾಲಕರು ಕೇಳುವುದುಂಟು.

ಅಸೂಟಿಯ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ದಾದಿಯ ಕೆಲಸಕ್ಕೆ ಅರ್ಜಿಯನ್ನು ಕಳುಹಿಸಿ, ಅದರ ಪ್ರತಿಯನ್ನು ನನಗೆ ತೋರಿಸಿದಳು. ತನಗೆ ಸ್ವಲ್ಪ ಅನುಭವವುಂಟೆಂದು ಹೇಳಹೊರಟವಳು, ‘ಎ ಲಿಟ್ಲ್’ ಎನ್ನಬೇಕಾದಲ್ಲಿ ಬರಿಯ ‘ಲಿಟ್ಲ್’ ಎಂದು ಬರೆದಿದ್ದಳು. ಓದಿದವರಿಗೆ ಅನುಭವವು ಇಲ್ಲವೆಂಬಷ್ಟು ಅಲ್ಪವೆಂದೇ ಅರ್ಥವಾಗುವುದು. ಎರಡು ವರುಷ ದುಡಿದವಳು ತನ್ನ ದುಡಿಮೆಯನ್ನು ತನ್ನ ಕೈಯಿಂದಲೇ ಅಳಿಸಿಕೊಂಡಿದ್ದಳು. ತಪ್ಪು ಅವಳದಲ್ಲ; ನಿಯಮವನ್ನು ಬಾಯಿಪಾಠ ಮಾಡಿಸಿ ಸುಮ್ಮನಾದ ನನ್ನದು.

ಕನ್ನಡದಲ್ಲಿ ‘ಎ’, ‘ದಿ’ಗಳಂಥ ಉಪಪದಗಳಿಲ್ಲ, ಆದರೆ ಆ ಭೇದವು ನಮಗೆ ತಿಳಿಯದುದಲ್ಲ. ‘ಪುಸ್ತಕ ಕೊಂಡೆನು’ ಎಂದರೆ ಯಾವುದೋ ಒಂದು. ‘ಪುಸ್ತಕವನ್ನು ಕೊಂಡೆನು’ ಎಂದರೆ ಸಾಮಾನ್ಯವಾಗಿ ಮೊದಲೇ ಗೊತ್ತಿದ್ದುದು. ಅಲ್ಲಿ ‘ಎ’, ಇಲ್ಲಿ ‘ದಿ’. ‘ಕೆಲವರು ಬಂದರು’ ಎಂಬಲ್ಲಿ ‘ಎ ಫ್ಯೂ’. ‘ಕೆಲವರೇ ಬಂದರು’ ಎಂಬಲ್ಲಿ ಬರಿಯ ‘ಫ್ಯೂ’. ನಾವು ‘ಏ’ಕಾರವನ್ನು ಸೇರಿಸಿ ಹೇಳುವುದನ್ನು ಅವರು ‘ಎ’ಯನ್ನು ಬಿಟ್ಟು ಹೇಳುವರು! ಎಣಿಸುವ ಜೋಳದ ಚೀಲಗಳಿಗೆ ‘ಮೆನಿ’, ಅಳೆಯುವ ಹಾಲಿಗೆ ‘ಮಚ್’. ಇನ್ನು ‘ಎ’, ‘ಆ್ಯನ್’ಗಳಿಗೆ ಅಕ್ಷರವಲ್ಲ, ಧ್ವನಿಯೇ ಪ್ರಮಾಣ: ‘ಆ್ಯನ್ ಅವರ್’, ಆದರೆ ‘ಎ ಯೂನಿವರ್ಸಿಟಿ’.

ಆದುದರಿಂದ ಈ ಪಾಠವು ಕನ್ನಡದಿಂದಲೇ ಆರಂಭವಾಗತಕ್ಕದ್ದೆಂಬುದು ನನ್ನ ಅಭಿಪ್ರಾಯವು. 1853 ರಲ್ಲಿ ಈ ದೇಶಕ್ಕೆ ಬಂದ ಜರ್ಮನ್ ಮಿಶನರಿ ರೆವರೆಂಡ್ ಕಿಟ್ಟೆಲ್ ಅವರು 1894 ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ 1903 ರಲ್ಲಿ ಕನ್ನಡ ವ್ಯಾಕರಣವನ್ನೂ ಪ್ರಕಟಿಸಿದರು. ಪರಕೀಯರೊಬ್ಬರು ನಮ್ಮ ನುಡಿಯ ಸಣ್ಣ ಪ್ರತ್ಯಯಗಳಿಗೂ ಅಷ್ಟು ಗೌರವವನ್ನು ಸಲ್ಲಿಸಿದ ಮೇಲೆ, ಅವರಿವರ ನುಡಿಯ ಚಿಕ್ಕ ಪದಗಳನ್ನು ನಾವು ಅಲಕ್ಷಿಸುವುದು ತರವಲ್ಲ.

ಪಾಲಕರಲ್ಲಿ ನನ್ನ ಬಿನ್ನಹವಿಷ್ಟೆ: ಮನೆಯಲ್ಲಿ ಒಳ್ಳೆಯ ಕನ್ನಡವನ್ನಾಡಿರಿ, ಮಗಳು ಇಂಗ್ಲಿಷಿನಲ್ಲಿ ತಪ್ಪಿದರೆ ನಗಬೇಡಿರಿ. ನಕ್ಕರೆ ಅವಳು ತಪ್ಪನ್ನಲ್ಲ, ಮಾತನ್ನೇ ಬಿಡುವಳು. ಹಳೆಯ ವಿದ್ಯಾರ್ಥಿನಿಯರೇ, ಅರ್ಜಿಯನ್ನು ಕಳುಹಿಸುವ ಮುನ್ನ ಚಿಕ್ಕ ಪದಗಳನ್ನು ಮತ್ತೊಮ್ಮೆ ಓದಿರಿ. ಸಂಶಯವಿದ್ದರೆ ನನಗೆ ಬರೆಯಿರಿ; ನಿಮ್ಮ ಪಾಠವು ಇನ್ನೂ ಮುಗಿದಿಲ್ಲ, ನನ್ನದೂ ಮುಗಿದಿಲ್ಲ.