ಸ್ತನದ ಇಂಪ್ಲಾಂಟ್ ಗಾತ್ರ ಬದಲಿಸುವುದು ರವಿಕೆ ಬದಲಿಸಿದಷ್ಟು ಸುಲಭವೇ?

ಸ್ತನದ ಗಾತ್ರ ಹೆಚ್ಚಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ನಮ್ಮ ಮೊಬೈಲುಗಳಿಗೆ ಎರಡು ಬಗೆಯ ಸಂದೇಶಗಳು ಬರುತ್ತವೆ. ಒಂದು ಬಗೆಯದು ಜಾಹೀರಾತಿನ ಧಾಟಿಯದು: ಮೊದಲು ಒಂದು ಸೈಜ್ ಹಾಕಿಸಿ, ಇಷ್ಟವಾಗದಿದ್ದರೆ ಆಮೇಲೆ ದೊಡ್ಡದೋ ಚಿಕ್ಕದೋ ಮಾಡಿಸಿಕೊಂಡರಾಯಿತು, ಅದೇನು ಮಹಾ ಕೆಲಸ ಎನ್ನುತ್ತದೆ. ಇನ್ನೊಂದು ಹೆದರಿಸುವ ಧಾಟಿಯದು: ಹತ್ತು ವರ್ಷಕ್ಕೊಮ್ಮೆ ತೆಗೆಸಲೇಬೇಕು, ಇಲ್ಲದಿದ್ದರೆ ಒಳಗೇ ಒಡೆದು ಕ್ಯಾನ್ಸರ್ ಬರುತ್ತದೆ ಎನ್ನುತ್ತದೆ. ಎರಡರಲ್ಲೂ ಒಂದಿಷ್ಟು ನಿಜ ಇದೆ, ಅದಕ್ಕಿಂತ ಹೆಚ್ಚು ಗೊಂದಲ ಇದೆ. ಈ ವಿಷಯವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಹಾಗಾಗಿ ಇಂಥ ಆಪರೇಷನ್ ಮಾಡಿಸಿಕೊಂಡು ಗಾತ್ರ ಸರಿ ಅನ್ನಿಸದೆ ಕುಳಿತ ಹೆಣ್ಣುಮಕ್ಕಳಿಗೆ ಬಹಳ ಸಲ ಈ ಫಾರ್ವರ್ಡುಗಳೇ ಸಲಹೆಗಾರರು. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಸಿಸಿ ಅಂದರೆ ಗಾತ್ರವೇ?

ಇಂಪ್ಲಾಂಟ್ ಎಂದರೆ ಸಿಲಿಕೋನ್‌ನಿಂದ ಮಾಡಿದ ಒಂದು ಚೀಲ. ಅದರೊಳಗೆ ಸಿಲಿಕೋನ್ ಜೆಲ್ ಇರುತ್ತದೆ, ಇಲ್ಲವೇ ಸಲೈನ್ ಅಂದರೆ ಶುದ್ಧೀಕರಿಸಿದ ಉಪ್ಪುನೀರು ಇರುತ್ತದೆ. ಡಬ್ಬಿಯ ಮೇಲೆ 250 ಸಿಸಿ, 300 ಸಿಸಿ ಎಂದು ಬರೆದಿರುವುದು ಆ ಚೀಲದ ಪರಿಮಾಣ. ಒಂದು ಸಿಸಿ ಎಂದರೆ ಒಂದು ಮಿಲಿಲೀಟರ್. ತೂಕವೂ ಹೆಚ್ಚುಕಡಿಮೆ ಅಷ್ಟೇ ಗ್ರಾಂ. 250 ಸಿಸಿ ಎಂದರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನ ಅರ್ಧ.

ಆದರೆ ಹೊರಗೆ ಕಾಣುವ ಗಾತ್ರ ಈ ಅಂಕಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ. 300 ಮಿಲಿಲೀಟರ್ ಹಾಲನ್ನು ಅಗಲದ ಬಟ್ಟಲಿಗೆ ಸುರಿದರೆ ತಳದಲ್ಲಿ ಹರಡಿಕೊಳ್ಳುತ್ತದೆ, ಉದ್ದನೆಯ ಲೋಟಕ್ಕೆ ಸುರಿದರೆ ಮೇಲಕ್ಕೆ ಏರುತ್ತದೆ. ಇಂಪ್ಲಾಂಟಿನ ಲೆಕ್ಕವೂ ಹೀಗೆಯೇ. ತಳದ ಅಗಲ ಎಷ್ಟು, ಮುಂದಕ್ಕೆ ಎಷ್ಟು ಉಬ್ಬಿದೆ ಎನ್ನುವುದು ಬೇರೆ ಬೇರೆ ಮಾದರಿಗಳಲ್ಲಿ ಬೇರೆ ಬೇರೆ. ಜೊತೆಗೆ ಆಕೆಯ ಎದೆಯ ಅಗಲ, ಮೊದಲೇ ಇದ್ದ ಸ್ತನದ ಅಂಶ, ಚರ್ಮದ ಬಿಗಿ, ಇಂಪ್ಲಾಂಟನ್ನು ಸ್ನಾಯುವಿನ ಕೆಳಗೆ ಇಟ್ಟಿದ್ದಾರೋ ಮೇಲೆ ಇಟ್ಟಿದ್ದಾರೋ ಎನ್ನುವುದೂ ಸೇರುತ್ತದೆ. ಗೆಳತಿಗೆ 300 ಸಿಸಿ ಚೆನ್ನಾಗಿ ಒಪ್ಪಿತು ಎಂಬ ಮಾತಿನಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಇಷ್ಟು ಸಿಸಿ ಹಾಕಿದರೆ ಒಂದು ಕಪ್ ಸೈಜ್ ಹೆಚ್ಚುತ್ತದೆ ಎಂಬ ಪಟ್ಟಿಗಳೂ ಓಡಾಡುತ್ತವೆ. ಬ್ರಾ ಅಳತೆಯೇ ಒಂದು ಸಾಪೇಕ್ಷ ಲೆಕ್ಕ. 32ಡಿ, 34ಸಿ, 36ಬಿ ಈ ಮೂರರ ಕಪ್ಪಿನೊಳಗಿನ ಜಾಗ ಸುಮಾರಾಗಿ ಒಂದೇ, ಮೇಲಾಗಿ ಒಂದು ಕಂಪನಿಯ ಸಿ ಇನ್ನೊಂದರ ಸಿ ಆಗಿರುವುದಿಲ್ಲ. ಬಟ್ಟೆ ಅಂಗಡಿಯಲ್ಲೇ ಹೊಂದದ ಲೆಕ್ಕವನ್ನು ಆಪರೇಷನ್ ಥಿಯೇಟರಿಗೆ ಕೊಂಡೊಯ್ದರೆ ನಿರಾಸೆ ಖಚಿತ. ಒಳ್ಳೆಯ ಸರ್ಜನ್‌ಗಳು ಕಪ್ ಸೈಜಿನ ಭರವಸೆ ಕೊಡುವುದಿಲ್ಲ. ಎದೆಯನ್ನು ಅಳೆಯುತ್ತಾರೆ, ಮಾದರಿ ಇಂಪ್ಲಾಂಟುಗಳನ್ನು ಬ್ರಾದೊಳಗೆ ಇಟ್ಟು ಕನ್ನಡಿಯ ಮುಂದೆ ನಿಲ್ಲಿಸುತ್ತಾರೆ.

ಬದಲಿಸಬೇಕು ಎಂದು ಯಾಕೆ ಅನ್ನಿಸುತ್ತದೆ?

ಆಪರೇಷನ್ ಆದ ಮೊದಲ ವಾರಗಳಲ್ಲಿ ಊತ ಇರುತ್ತದೆ, ಸ್ನಾಯು ಬಿಗಿಯಾಗಿರುತ್ತದೆ, ಇಂಪ್ಲಾಂಟ್ ಎತ್ತರದಲ್ಲಿ ನಿಂತಿರುತ್ತದೆ. ನೋಡಿದವರಿಗೆ ಅಯ್ಯೋ ಇಷ್ಟು ದೊಡ್ಡದಾಯಿತಲ್ಲ ಎನ್ನಿಸಬಹುದು. ಎರಡು ಮೂರು ತಿಂಗಳಲ್ಲಿ ಊತ ಇಳಿದು, ಸ್ನಾಯು ಸಡಿಲಗೊಂಡು, ಇಂಪ್ಲಾಂಟ್ ಕೆಳಗಿಳಿದು ಕೂರುತ್ತದೆ. ಆಗ ಅದೇ ವ್ಯಕ್ತಿಗೆ, ಇನ್ನೂ ಸ್ವಲ್ಪ ದೊಡ್ಡದು ಹಾಕಿಸಬೇಕಿತ್ತು ಎನ್ನಿಸಲೂಬಹುದು. ಕಣ್ಣಿಗೆ ಅಭ್ಯಾಸವಾಗುವುದೂ ಇದಕ್ಕೆ ಒಂದು ಕಾರಣ. ಗಾತ್ರದ ಒಂದೇ ಕಾರಣಕ್ಕೆ ಬದಲಿಸುವುದಾದರೆ ಆರು ತಿಂಗಳಿಂದ ಒಂದು ವರ್ಷ ಕಾಯಿರಿ ಎಂದು ಸರ್ಜನ್‌ಗಳು ಸಾಮಾನ್ಯವಾಗಿ ಹೇಳುವುದು ಇದಕ್ಕೇ. ಎರಡನೇ ತಿಂಗಳಲ್ಲೇ ಬನ್ನಿ, ಮಾಡಿಬಿಡೋಣ ಎನ್ನುವವರ ಬಗ್ಗೆ ನಮಗೆ ಅನುಮಾನ.

ಒಂದು ಮಾತು ಇಲ್ಲೇ ಹೇಳಬೇಕು. ಒಂದು ಬದಿ ಇದ್ದಕ್ಕಿದ್ದಂತೆ ಊದಿಕೊಂಡರೆ, ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಗಾಯದಿಂದ ಕೀವು ಬಂದರೆ ಈ ಕಾಯುವ ಮಾತು ಅನ್ವಯಿಸುವುದಿಲ್ಲ. ಅದು ರಕ್ತಸ್ರಾವವೋ ಸೋಂಕೋ ಆಗಿರಬಹುದು, ಅದೇ ದಿನ ವೈದ್ಯರಿಗೆ ತೋರಿಸಬೇಕು.

ಗಾತ್ರದ ದೂರು ಅನೇಕ ಸಲ ಗಾತ್ರದ್ದೇ ಆಗಿರುವುದಿಲ್ಲ. ಎರಡೂ ಬದಿ ಒಂದೇ ಸಮ ಇಲ್ಲದಿರುವುದು, ಇಂಪ್ಲಾಂಟ್ ತೀರ ಕೆಳಗೋ ಪಕ್ಕಕ್ಕೋ ಕುಳಿತಿರುವುದು, ಅದರ ಸುತ್ತಲಿನ ಪೊರೆ ಬಿಗಿಯಾಗಿ ಹಿಂಡುತ್ತಿರುವುದು, ಇವೆಲ್ಲ ಹೊರಗಿನಿಂದ ನೋಡಿದಾಗ ಚಿಕ್ಕದಾಯಿತು ಅಥವಾ ವಿಕಾರವಾಯಿತು ಎಂದೇ ತೋರುತ್ತವೆ. ಪೊರೆ ಬಿಗಿದ ಸ್ತನಕ್ಕೆ ಇನ್ನೂ ದೊಡ್ಡ ಇಂಪ್ಲಾಂಟ್ ತುಂಬಿದರೆ ತೊಂದರೆ ಹೋಗುವುದಿಲ್ಲ. ಮೊದಲು ಆ ಪೊರೆಯ ಚಿಕಿತ್ಸೆ ಆಗಬೇಕು.

ವರ್ಷಗಳು ಕಳೆದ ಮೇಲಿನ ಕಥೆ ಬೇರೆ. ಇಂಪ್ಲಾಂಟ್ ಒಡೆಯದಿದ್ದರೆ ಇದ್ದಷ್ಟೇ ಇರುತ್ತದೆ, ಅದರ ಸುತ್ತಲಿನ ದೇಹ ಬದಲಾಗುತ್ತದೆ. ಬಸಿರು, ಬಾಣಂತನ, ಹಾಲೂಡಿಸುವುದು, ತೂಕ ಏರಿಳಿಯುವುದು, ಮುಟ್ಟು ನಿಲ್ಲುವುದು, ಎಲ್ಲವೂ ಸ್ತನದ ಅಂಶವನ್ನೂ ಚರ್ಮವನ್ನೂ ಬದಲಿಸುತ್ತವೆ. ಇಪ್ಪತ್ತೈದರಲ್ಲಿ ಒಪ್ಪಿದ್ದು ನಲವತ್ತೈದರಲ್ಲಿ ಭಾರ ಅನ್ನಿಸಿದರೆ, ಕುತ್ತಿಗೆ ಬೆನ್ನು ನೋಯುತ್ತದೆ ಅನ್ನಿಸಿದರೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆಗ ಯಾಕೆ ಹಾಕಿಸಿಕೊಂಡೆ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ಒಳಗೆ ನಡೆಯುವುದೇನು?

ದೇಹದೊಳಗೆ ಹೊರಗಿನ ವಸ್ತು ಇಟ್ಟರೆ ದೇಹ ಸಾಮಾನ್ಯವಾಗಿ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಪೇಸ್‌ಮೇಕರ್ ಇಟ್ಟರೂ ದೇಹ ಅದನ್ನು ಸುಮ್ಮನೆ ಬಿಡುವುದಿಲ್ಲ. ಸ್ತನದ ಇಂಪ್ಲಾಂಟಿನ ಸುತ್ತಲೂ ಇಂಥ ಪೊರೆ ಬೆಳೆಯುತ್ತದೆ, ಇದಕ್ಕೆ ಕ್ಯಾಪ್ಸೂಲ್ ಎನ್ನುತ್ತಾರೆ. ಅದು ಹಳೆಯ ಇಂಪ್ಲಾಂಟಿನ ಅಳತೆಗೆ ಹೊಲಿದ ಜೇಬಿನಂತೆ ಇರುತ್ತದೆ. ಗಾತ್ರ ಬದಲಿಸುವುದೆಂದರೆ ಈ ಜೇಬನ್ನೂ ಬದಲಿಸಬೇಕು ಎಂದರ್ಥ.

ಹೊಸದು ಹಳೆಯದಕ್ಕಿಂತ ಸ್ವಲ್ಪವೇ ಬೇರೆಯಾಗಿದ್ದು, ಬೇರೇನೂ ತೊಂದರೆ ಇಲ್ಲದಿದ್ದರೆ ಕೆಲಸ ನಿಜಕ್ಕೂ ಹಗುರ. ಸಾಮಾನ್ಯವಾಗಿ ಹಳೆಯ ಗಾಯದ ಗೆರೆಯಲ್ಲೇ ತೆರೆಯುತ್ತಾರೆ, ಮೊದಲ ಸಲದಷ್ಟು ನೋವೂ ಇರುವುದಿಲ್ಲ. ಜಾಹೀರಾತುಗಳು ತೋರಿಸುವುದು ಈ ಒಂದು ಬಗೆಯನ್ನೇ. ಆದರೆ 25-30 ಸಿಸಿ ವ್ಯತ್ಯಾಸ ಎಂದರೆ ಊಟದ ಚಮಚದಲ್ಲಿ ಎರಡು ಚಮಚ. ಬಟ್ಟೆಯ ಮೇಲೆ ಅದು ಗೊತ್ತಾಗುವುದೇ ಕಷ್ಟ. ಅಷ್ಟಕ್ಕಾಗಿ ಮತ್ತೆ ಅರಿವಳಿಕೆ, ಮತ್ತೆ ಸೋಂಕು ಮತ್ತು ರಕ್ತಸ್ರಾವದ ಸಾಧ್ಯತೆ, ಮತ್ತೆ ಮೊಲೆತೊಟ್ಟಿನ ಸ್ಪರ್ಶಜ್ಞಾನ ಕಡಿಮೆಯಾಗುವ ಅಪಾಯ ಇವನ್ನೆಲ್ಲ ಹೊರಬೇಕೇ ಎಂದು ಎರಡು ಸಲ ಯೋಚಿಸಬೇಕು.

ಕಣ್ಣಿಗೆ ಗೊತ್ತಾಗುವಷ್ಟು ದೊಡ್ಡದು ಮಾಡುವಾಗ ಸರ್ಜನ್ ಪೊರೆಯನ್ನು ಕೊಯ್ದು ಜೇಬನ್ನು ಅಗಲಿಸುತ್ತಾರೆ. ಆಪರೇಷನ್ ಸುಸೂತ್ರವಾಗಿ ಮುಗಿಯುತ್ತದೆ, ಚರ್ಮ ಬಿಗಿಯಾಗಿ ತುಂಬಿಕೊಳ್ಳುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಬೆಲೆ ಕಟ್ಟುವುದು ನಿಧಾನವಾಗಿ. ಭಾರ ಹೆಚ್ಚಿದಷ್ಟೂ ಚರ್ಮ ಹಿಗ್ಗುತ್ತದೆ, ಒಳಗಿನ ಅಂಶ ತೆಳ್ಳಗಾಗುತ್ತದೆ. ಇಂಪ್ಲಾಂಟಿನ ಅಂಚು ಕೈಗೆ ಸಿಗಬಹುದು, ಮೇಲೆ ನಿರಿಗೆಗಳು ಕಾಣಬಹುದು. ಸ್ತನದ ಕೆಳಗಿನ ಮಡಿಕೆ ದಾಟಿ ಇಂಪ್ಲಾಂಟ್ ಇನ್ನೂ ಕೆಳಗೆ ಜಾರಬಹುದು. ಎದೆ ತಡೆಯುವುದಕ್ಕಿಂತ ಅಗಲದ್ದು ಹಾಕಿದರೆ ಎರಡೂ ಬದಿಯ ಜೇಬುಗಳು ನಡುವೆ ಕೂಡಿಕೊಳ್ಳುವುದೂ ಉಂಟು, ಅದನ್ನು ಸರಿಪಡಿಸುವುದು ಅನುಭವಿ ಸರ್ಜನ್‌ಗಳಿಗೂ ಕಷ್ಟದ ಕೆಲಸ. ತೆಳ್ಳಗಾದ ಅಂಶ ಇಂಪ್ಲಾಂಟ್ ತೆಗೆದ ಮಾತ್ರಕ್ಕೆ ಮೊದಲಿನಂತೆ ಆಗಿಬಿಡುವುದಿಲ್ಲ.

ಚಿಕ್ಕದು ಮಾಡುವಾಗ ಇದರ ತಿರುವುಮುರುವು. ದೇಹಕ್ಕೆ ಮುಂದೆ ಭಾರ ಕಡಿಮೆ, ಆದರೆ ಕಷ್ಟ ಆವತ್ತೇ ಎದುರಾಗುತ್ತದೆ. ದೊಡ್ಡ ಜೇಬಿನಲ್ಲಿ ಚಿಕ್ಕ ಇಂಪ್ಲಾಂಟ್ ಇಟ್ಟರೆ ಅದು ಕಂಕುಳ ಕಡೆಗೆ ಜಾರುತ್ತದೆ, ತಿರುಗಿಕೊಳ್ಳಲೂಬಹುದು. ಆದ್ದರಿಂದ ಜೇಬನ್ನು ಒಳಗಿನಿಂದ ಹೊಲಿದು ಕಿರಿದು ಮಾಡಬೇಕು. ಹಿಗ್ಗಿದ ಚರ್ಮ ಜೋತುಬಿದ್ದರೆ ಅದನ್ನು ಎತ್ತಿ ಕಟ್ಟುವ ಇನ್ನೊಂದು ಶಸ್ತ್ರಚಿಕಿತ್ಸೆಯನ್ನು ಜೊತೆಗೆ ಮಾಡಬೇಕಾಗಬಹುದು. ಆಗ ಮೊಲೆತೊಟ್ಟಿನ ಸುತ್ತ, ಅಲ್ಲಿಂದ ಕೆಳಕ್ಕೆ ಹೊಸ ಗಾಯದ ಗೆರೆಗಳು ಉಳಿಯುತ್ತವೆ. ಚಿಕ್ಕದು ಮಾಡಿಸಲು ಬಂದವರಿಗೆ ಖರ್ಚು ಜಾಸ್ತಿ ಎಂದಾಗ ಮೋಸವೇನೋ ಎನ್ನಿಸಬಹುದು. ಸಾಮಾನ್ಯವಾಗಿ ಕಾರಣ ಇದೇ.

ಮೊದಲ ಸಲ ಗಾತ್ರ ಆರಿಸುವಾಗ ಇದನ್ನೇ ನೆನಪಿಡಬೇಕು. ಗೊತ್ತಾಗದಿದ್ದರೆ ದೊಡ್ಡದನ್ನೇ ಹಾಕಿಸಿಬಿಡಿ, ಹೇಗೂ ಆಮೇಲೆ ಚಿಕ್ಕದು ಅನ್ನಿಸುತ್ತದೆ ಎಂಬ ಸಲಹೆ ಆನ್‌ಲೈನಿನಲ್ಲಿ ಧಾರಾಳವಾಗಿ ಸಿಗುತ್ತದೆ. ಆ ಸಲಹೆ ಕೊಡುವವರ ಚರ್ಮವಲ್ಲವಲ್ಲ ಹಿಗ್ಗುವುದು.

ಹತ್ತು ವರ್ಷದ ಲೆಕ್ಕ

ಮೊದಲ ಸಿಲಿಕೋನ್ ಇಂಪ್ಲಾಂಟ್ ಹಾಕಿದ್ದು 1962ರಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ. ಹಚ್ಚೆ ತೆಗೆಸಲು ಆಸ್ಪತ್ರೆಗೆ ಹೋಗಿದ್ದ ಟಿಮ್ಮಿ ಜೀನ್ ಲಿಂಡ್ಸೆ ಎಂಬಾಕೆಗೆ ಡಾ. ಫ್ರಾಂಕ್ ಗೆರೋ ಮತ್ತು ಡಾ. ಥಾಮಸ್ ಕ್ರೋನಿನ್ ಈ ಪ್ರಯೋಗದ ಬಗ್ಗೆ ಹೇಳಿ ಒಪ್ಪಿಸಿದರು. ಐವತ್ತು ವರ್ಷಗಳ ಬಳಿಕ 2012ರಲ್ಲಿ ಸುದ್ದಿಗಾರರು ಆಕೆಯನ್ನು ಕಂಡಾಗಲೂ ಅವೇ ಇಂಪ್ಲಾಂಟುಗಳು ಇದ್ದವು. ಹಾಗಾದರೆ ಹತ್ತು ವರ್ಷ ಎನ್ನುವುದು ಔಷಧದ ಬಾಟಲಿಯ ಮೇಲಿನ ಎಕ್ಸ್‌ಪೈರಿ ದಿನಾಂಕದಂಥದ್ದಲ್ಲ.

ಆದರೆ ಜೀವಮಾನವಿಡೀ ಬಾಳುತ್ತದೆ ಎನ್ನುವುದೂ ಸರಿಯಲ್ಲ. ಗಾತ್ರ ಹೆಚ್ಚಿಸಲು ಇಂಪ್ಲಾಂಟ್ ಹಾಕಿಸಿಕೊಂಡ ಐವರಲ್ಲಿ ಒಬ್ಬರಿಗೆ ಹತ್ತು ವರ್ಷದೊಳಗೆ ಅದನ್ನು ತೆಗೆಸಬೇಕಾಗುತ್ತದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2011ರಲ್ಲಿ ಹೇಳಿತ್ತು. ಮರು ಆಪರೇಷನ್‌ಗೆ ಬರುವ ಕಾರಣಗಳಲ್ಲಿ ಗಾತ್ರ ಬದಲಿಸುವ ಬಯಕೆಯೂ ಒಂದು. ಜೆಲ್ ಇಂಪ್ಲಾಂಟ್ ಹೊರಗೆ ಗೊತ್ತಾಗದಂತೆ ಒಡೆಯಬಹುದು. ಆದ್ದರಿಂದ ತೊಂದರೆ ಏನೂ ಇಲ್ಲದಿದ್ದರೂ ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಬೇಕು ಎನ್ನುವುದು ಎಫ್‌ಡಿಎ ಸಲಹೆ. ಹೀಗೆ ಬೇರೆ ಕಾರಣಕ್ಕೆ ತೆಗೆಯಬೇಕಾಗಿ ಬಂದಾಗ ಗಾತ್ರವನ್ನೂ ಮರುಯೋಚನೆ ಮಾಡುವುದು ಜಾಣತನ, ಒಂದೇ ಆಪರೇಷನ್‌ನಲ್ಲಿ ಎರಡೂ ಮುಗಿಯುತ್ತದೆ.

ಕ್ಯಾನ್ಸರಿನ ಮಾತು ಪೂರ್ತಿ ಕಟ್ಟುಕಥೆ ಅಲ್ಲ. ಇಂಪ್ಲಾಂಟಿನ ಸುತ್ತಲಿನ ಪೊರೆಯಲ್ಲಿ ಹುಟ್ಟುವ ಒಂದು ಅಪರೂಪದ ಲಿಂಫೋಮಾ ಇದೆ. ಇದು ಸ್ತನ ಕ್ಯಾನ್ಸರ್ ಅಲ್ಲ, ರೋಗನಿರೋಧಕ ಜೀವಕೋಶಗಳ ಕ್ಯಾನ್ಸರ್. ಮುಖ್ಯವಾಗಿ ಮೇಲ್ಮೈ ತರಿತರಿಯಾಗಿರುವ ಇಂಪ್ಲಾಂಟುಗಳ ಜೊತೆ ಇದರ ನಂಟು ಕಂಡುಬಂದಿದೆ. ಅಲರ್ಗನ್ ಕಂಪನಿ 2019ರ ಜುಲೈನಲ್ಲಿ ತನ್ನ ಬಯೋಸೆಲ್ ಮಾದರಿಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂಪಡೆದದ್ದು ಇದೇ ಕಾರಣಕ್ಕೆ. ತೊಂದರೆ ಇಲ್ಲದವರು ಹೆದರಿ ತೆಗೆಸಬೇಕಾಗಿಲ್ಲ ಎಂದೂ ಆಗಲೇ ಎಫ್‌ಡಿಎ ಹೇಳಿತ್ತು. ವರ್ಷಗಳ ನಂತರ ಒಂದು ಬದಿ ಊದಿಕೊಂಡರೆ ಅಥವಾ ಗಂಟು ಸಿಕ್ಕರೆ ಮಾತ್ರ ತಡಮಾಡದೆ ತೋರಿಸಬೇಕು.

ಆಪರೇಷನ್ ಇಲ್ಲದೆ ಬದಲಿಸಬಹುದೇ?

ಎಣ್ಣೆ, ಕ್ರೀಂ, ಮಸಾಜ್ ಯಾವುದರಿಂದಲೂ ಇಂಪ್ಲಾಂಟ್ ದೊಡ್ಡದಾಗುವುದಿಲ್ಲ, ಚಿಕ್ಕದಾಗುವುದೂ ಇಲ್ಲ. ಹೊರಗಿನಿಂದ ಸಲೈನ್ ತುಂಬಿ ಗಾತ್ರ ಹೊಂದಿಸಬಲ್ಲ ವಿಶೇಷ ಇಂಪ್ಲಾಂಟುಗಳು ಇವೆ ಎನ್ನುವುದು ನಿಜ. ಆದರೆ ಅವನ್ನು ಮೊದಲೇ ಆರಿಸಿರಬೇಕು, ಹೊಂದಿಸಲು ಕೆಲವೇ ತಿಂಗಳ ಅವಕಾಶ. ಮಾಮೂಲಿ ಇಂಪ್ಲಾಂಟಿಗೆ ಸೂಜಿ ಚುಚ್ಚಿದರೆ ಅದು ಹಾಳಾಗುತ್ತದೆ, ಅಷ್ಟೇ. ಸಣ್ಣ ವ್ಯತ್ಯಾಸ ಸರಿಪಡಿಸಲು ನಮ್ಮದೇ ಹೊಟ್ಟೆ ಅಥವಾ ತೊಡೆಯ ಕೊಬ್ಬನ್ನು ತೆಗೆದು ತುಂಬುವ ವಿಧಾನವೂ ಇದೆ, ಅದರಲ್ಲಿ ಒಂದು ಭಾಗ ದೇಹದಲ್ಲೇ ಕರಗಿಹೋಗುತ್ತದೆ. ಬ್ಯೂಟಿ ಪಾರ್ಲರಿನಲ್ಲಿ ಕೊಡುವ ಯಾವುದೇ ಇಂಜೆಕ್ಷನ್ ಹತ್ತಿರವೂ ಸುಳಿಯಬೇಡಿ.

ನಮ್ಮಲ್ಲಿ ಮಾಡಿಸುವುದಾದರೆ

ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಯನ್ನು ನಮ್ಮ ದೇಶದ ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಕ್ಯಾನ್ಸರ್, ಅಪಘಾತ, ಸುಟ್ಟಗಾಯದ ನಂತರದ ಮರುನಿರ್ಮಾಣಕ್ಕೆ ಆ ನಿರ್ಬಂಧ ಇಲ್ಲ. ಉಳಿದ ಚಿಕಿತ್ಸೆಗಳಿಗೆ ಇರುವ ಜಿಎಸ್‌ಟಿ ವಿನಾಯಿತಿಯೂ ಇದಕ್ಕೆ ಸಿಗುವುದಿಲ್ಲ. ಎರಡನೇ ಸಲದ ಖರ್ಚೂ ಪೂರ್ತಿ ಕೈಯಿಂದಲೇ. ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್ ಅಥವಾ ಡಿಎನ್‌ಬಿ ಪಡೆದವರೇ ಎಂದು ಕೇಳಿ. ಕರ್ನಾಟಕದಲ್ಲಾದರೆ ಆಸ್ಪತ್ರೆ ಕೆಪಿಎಂಇ ಕಾಯ್ದೆಯಡಿ ನೋಂದಣಿಯಾಗಿದೆಯೇ ನೋಡಿ.

ಎಲ್ಲಕ್ಕಿಂತ ಮುಂಚೆ ಹಳೆಯ ಕಾಗದಪತ್ರ ಹುಡುಕಿ. ಇಂಪ್ಲಾಂಟ್ ಹಾಕಿದಾಗ ಕಂಪನಿ, ಮಾದರಿ, ಸಿಸಿ, ಸೀರಿಯಲ್ ನಂಬರ್ ಇರುವ ಒಂದು ಕಾರ್ಡ್ ಕೊಡುತ್ತಾರೆ. ಫ್ರಾನ್ಸಿನ ಪಿಐಪಿ ಕಂಪನಿ ಕೈಗಾರಿಕೆಯಲ್ಲಿ ಬಳಸುವ ಸಿಲಿಕೋನ್ ತುಂಬಿ ಮಾರಿದ್ದು 2010ರಲ್ಲಿ ಬಯಲಾದಾಗ, ಹಲವು ದೇಶಗಳ ಹೆಂಗಸರ ಮುಂದಿದ್ದ ಮೊದಲ ಪ್ರಶ್ನೆ ತಮ್ಮೊಳಗೆ ಇರುವುದು ಯಾವ ಕಂಪನಿಯದು ಎಂಬುದೇ ಆಗಿತ್ತು. ಕಾರ್ಡ್ ಇಲ್ಲದಿದ್ದರೆ ಮೊದಲು ಆಪರೇಷನ್ ಮಾಡಿದ ಆಸ್ಪತ್ರೆಯಿಂದ ಆಪರೇಷನ್ ನೋಟ್ಸ್ ಮತ್ತು ಡಿಸ್ಚಾರ್ಜ್ ಸಮರಿಯ ಪ್ರತಿ ಕೇಳಿ ಪಡೆಯಿರಿ. ಹೊಸ ಸರ್ಜನ್ ಹತ್ತಿರ ಹೋಗುವಾಗ ಅದು ಕೈಯಲ್ಲಿರಲಿ. ಈಗ ಒಳಗಿರುವುದು ಎಷ್ಟು ಸಿಸಿ, ಯಾವ ಅಗಲ ಎಂದು ಗೊತ್ತಿಲ್ಲದೆ ಎಷ್ಟು ಬದಲಿಸಬೇಕು ಎಂದು ಅವರು ಲೆಕ್ಕ ಹಾಕುವುದು ಕಷ್ಟ.